ದೆವ್ವಕ್ಕೆ ಗೊತ್ತಿತ್ತು, ಪೇತ್ರನಿಗೆ ಯಾಕೆ ಗೊತ್ತಾಗಲಿಲ್ಲ?

ಸಂಡೆಸ್ಕೂಲ್ ಟೀಚರ್

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಆರನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಬಾಯಿ ಕಟ್ಟಿಹಾಕಿಬಿಟ್ಟಳು. ಬೈಬಲಿನ ಮಾರ್ಕನ ಸುವಾರ್ತೆಯ 1ನೇ ಅಧ್ಯಾಯ ಓದಿಸುತ್ತಿದ್ದೆ. ಕಪೆರ್ನೌಮ್ ಊರು, ಸಬ್ಬತ್ ದಿನ, ಸಭಾಮಂದಿರ. ದೆವ್ವ ಹಿಡಿದವನೊಬ್ಬ ಎದ್ದು ನಿಂತು ಕೂಗುತ್ತಾನೆ. ನಮ್ಮ ಗೊಡವೆ ನಿನಗೆ ಯಾಕೆ, ನೀನು ಯಾರು ಅಂತ ನನಗೆ ಗೊತ್ತು, ನೀನು ದೇವರ ಪವಿತ್ರನು ಅನ್ನುತ್ತಾನೆ. ಯೇಸು ಎರಡೇ ಮಾತು ಹೇಳುತ್ತಾನೆ: ಬಾಯಿ ಮುಚ್ಚು, ಇವನನ್ನು ಬಿಟ್ಟು ಹೋಗು.

ಹುಡುಗಿ ಕೇಳಿದಳು: "ಮಿಸ್, ದೆವ್ವಕ್ಕೆ ಯೇಸು ಯಾರು ಅಂತ ಮೊದಲ ದಿನವೇ ಗೊತ್ತಿತ್ತು. ಪೇತ್ರ ಜೊತೆಯಲ್ಲೇ ತಿರುಗಾಡಿದರೂ ಅವನಿಗೆ ಯಾಕೆ ಗೊತ್ತಾಗಲಿಲ್ಲ? ಮತ್ತೆ ದೆವ್ವ ನಿಜಾನೇ ಹೇಳ್ತಲ್ಲ, ಬಾಯಿ ಯಾಕೆ ಮುಚ್ಚಿಸಿದ್ದು?"

"ಮುಂದಿನ ವಾರ ಹೇಳ್ತೀನಿ ಪುಟ್ಟ" ಅಂದೆ. ಮನೆಗೆ ಬಂದು ಮಾರ್ಕನನ್ನು ಒಂದೇ ಕೂತಲ್ಲಿ ಓದಿದೆ. ಹುಡುಗಿ ಹೇಳಿದ್ದು ಸರಿಯಾಗೇ ಇದೆ. 3:11ರಲ್ಲಿ ದೆವ್ವಗಳೇ "ನೀನು ದೇವರ ಮಗ" ಅನ್ನುತ್ತವೆ. 4ನೇ ಅಧ್ಯಾಯದ ಕೊನೆಯಲ್ಲಿ ಬಿರುಗಾಳಿ ನಿಂತ ಮೇಲೆ ಶಿಷ್ಯರು ದೋಣಿಯಲ್ಲಿ ಕೂತು "ಈತನು ಯಾರಿರಬಹುದು?" ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ದೋಣಿ ಆಚೆ ದಡ ಮುಟ್ಟುತ್ತದೆ. ಉತ್ತರ ಬರುವುದು 5ನೇ ಅಧ್ಯಾಯದಲ್ಲಿ, ದೆವ್ವ ಹಿಡಿದು ಸಮಾಧಿಗಳ ನಡುವೆ ಬೆತ್ತಲೆ ಓಡಾಡುವವನ ಬಾಯಿಂದ! ಪೇತ್ರ "ನೀನು ಕ್ರಿಸ್ತನು" ಅನ್ನುವ ಹೊತ್ತಿಗೆ 8ನೇ ಅಧ್ಯಾಯ. ಮನುಷ್ಯನ ಬಾಯಲ್ಲಿ "ಈತನು ದೇವರ ಮಗನೇ ಸರಿ" ಅನ್ನುವ ಮಾತು ಬರುವುದು 15ನೇ ಅಧ್ಯಾಯದಲ್ಲಿ. ಅದೂ ಶಿಲುಬೆಯ ಬುಡದಲ್ಲಿ, ರೋಮಿನ ಶತಾಧಿಪತಿಯಿಂದ.

ಯೇಸು ದೇವರು ಅನ್ನುವುದಕ್ಕೆ ದೆವ್ವಗಳೇ ಸಾಕ್ಷಿ ಅಂತ ಮಕ್ಕಳಿಗೆ ಹೇಳಿಬಿಡಲಾ? ನನಗ್ಯಾಕೋ ಇರುಸುಮುರುಸು.

ಕಾಫಿ ಕುಡಿದು ಬಂದೆ

ಭೂತದ ಬಾಯಲ್ಲಿ ಭಗವದ್ಗೀತೆ ಅಂದರೆ ಇದೇ ಅಲ್ವಾ 😀

ಹಳೇ ಸಂದೇಹಿ

ಟೀಚರ್, ಹಾಗೆ ಹೇಳಬೇಡಿ. ನಾನು ಚರ್ಚಿಗೆ ಹೋಗುವವನಲ್ಲ. ಆದರೆ ಈ ಪುಸ್ತಕಗಳನ್ನು ಇತಿಹಾಸದ ಆಸಕ್ತಿಯಿಂದ ಓದಿದ್ದೇನೆ.

ಒಂದು, "ದೇವರ ಮಗ" ಅಂದ ಮಾತ್ರಕ್ಕೆ ದೇವರು ಅಂತ ಆಗುವುದಿಲ್ಲ. 2ನೇ ಕೀರ್ತನೆಯಲ್ಲಿ ಇಸ್ರಾಯೇಲಿನ ರಾಜನಿಗೂ ಅದೇ ಮಾತು. ಅಗಸ್ಟಸ್ ಚಕ್ರವರ್ತಿ ತನ್ನ ನಾಣ್ಯಗಳ ಮೇಲೆ "ದೇವರ ಮಗ" ಅಂತಲೇ ಹಾಕಿಸಿಕೊಂಡಿದ್ದ. "ದೇವರ ಪವಿತ್ರನು" ಅನ್ನುವುದೂ ಹಾಗೇ. ಕೀರ್ತನೆಗಳಲ್ಲಿ ಆರೋನನನ್ನು ಕರ್ತನ ಪವಿತ್ರನು ಅಂತ ಕರೆದಿದೆ. ಅವನು ಬರೀ ಯಾಜಕ.

ಎರಡು, ದೆವ್ವಗಳು ಗುಟ್ಟು ಬಿಚ್ಚುವುದು, ಯೇಸು ಮುಚ್ಚಿಸುವುದು ಮಾರ್ಕನ ಕತೆ ಹೇಳುವ ಜಾಣತನ ಅಂತ ವಿಲಿಯಂ ವ್ರೇಡ ಅನ್ನುವ ಜರ್ಮನ್ ಪಂಡಿತ 1901ರಲ್ಲೇ ವಾದಿಸಿದ್ದ. ಯೇಸು ಬದುಕಿದ್ದಾಗ ಜನ ಯಾಕೆ ಗುರುತಿಸಲಿಲ್ಲ ಅನ್ನುವುದಕ್ಕೆ ಇದು ಉತ್ತರ ಅಂತ ಅವನ ಲೆಕ್ಕ. ಎಲ್ಲರೂ ಒಪ್ಪಿಲ್ಲ, ಆದರೆ ಸುಮ್ನೆ ತಳ್ಳಿಹಾಕುವ ಮಾತೂ ಅಲ್ಲ.

ನಿವೃತ್ತ ಸಭಾಪಾಲಕ

ಟೀಚರಮ್ಮ, ನಿಮ್ಮ ಇರುಸುಮುರುಸು ಸರಿಯಾಗಿಯೇ ಇದೆ. ದೆವ್ವ ಏನು ಹೇಳಿತು ಅನ್ನುವುದರ ಮೇಲೆ ಮನೆ ಕಟ್ಟಬೇಡಿ. ಯೇಸುವೇ ಆ ಸಾಕ್ಷಿ ಬೇಡ ಅಂದನಲ್ಲ. ಸಂದೇಹಿಯವರ ಮೊದಲ ಮಾತನ್ನೂ ಒಪ್ಪುತ್ತೇನೆ. ಬಿರುದಿನಿಂದ ಮಾತ್ರ ಏನೂ ತೀರ್ಮಾನ ಆಗುವುದಿಲ್ಲ.

ನಾನು ನಲವತ್ತು ವರ್ಷ ಪ್ರಸಂಗ ಮಾಡಿದವನು. ಈ ಕತೆಯಲ್ಲಿ ನೋಡಬೇಕಾದ್ದು ಬೇರೆ. ಯೇಸು ಹೇಗೆ ಮಾತಾಡಿದ, ಅದನ್ನು ನೋಡಿ. ನಮ್ಮ ಹಳ್ಳಿಗಳಲ್ಲಿ ದೆವ್ವ ಬಿಡಿಸುವವರು ಏನು ಮಾಡುತ್ತಾರೆ? ಒಂದು ದೇವರ ಆಣೆ ಇಡುತ್ತಾರೆ. ಬೇವಿನ ಸೊಪ್ಪು, ನಿಂಬೆಹಣ್ಣು, ತಾಯತ ಏನೋ ಒಂದು ಬೇಕು. ಆ ಕಾಲದ ಯೆಹೂದ್ಯರಲ್ಲೂ ಹಾಗೇ ಇತ್ತು. ದೊಡ್ಡವರ ಹೆಸರು ಹಿಡಿದು ಬಿಡಿಸಬೇಕು. ಯೇಸು ಯಾರ ಹೆಸರನ್ನೂ ಹೇಳಲಿಲ್ಲ. ಆಣೆ ಇಡಲಿಲ್ಲ. ಅಲ್ಲಿ ಪ್ರಾರ್ಥನೆ ಕೂಡ ಮಾಡಲಿಲ್ಲ. ಹೋಗು ಅಂದ, ಹೋಯಿತು. ಸಭಾಮಂದಿರದ ಜನ ಬೆರಗಾಗಿದ್ದು ಯಾಕೆ ಅಂತ ಮಾರ್ಕ 1:27 ನೋಡಿ. ದೆವ್ವ ಹೇಳಿದ ಮಾತನ್ನು ಅವರು ಎತ್ತುವುದೇ ಇಲ್ಲ! ಈತನು ಅಧಿಕಾರದಿಂದ ಅಪ್ಪಣೆ ಕೊಡುತ್ತಾನೆ, ಅವು ಕೇಳುತ್ತವೆ, ಇದೇನಿದು ಅನ್ನುತ್ತಾರೆ.

ಇನ್ನೊಂದು ಸೂಕ್ಷ್ಮ. "ಗದರಿಸಿದನು" ಅಂತ ಇದೆಯಲ್ಲ, ಗ್ರೀಕಿನಲ್ಲಿ ಎಪಿಟಿಮಾವೋ. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಕೆಂಪು ಸಮುದ್ರವನ್ನು ದೇವರು ಗದರಿಸುವುದು ಈ ಪದದಿಂದಲೇ (ಕೀರ್ತನೆ 106:9). ಜೆಕರ್ಯ 3:2ರಲ್ಲಿ ಸೈತಾನನಿಗೆ ಹೇಳುವುದು "ಕರ್ತನು ನಿನ್ನನ್ನು ಗದರಿಸಲಿ" ಅಂತ. ಯೂದನ ಪತ್ರ 9ನೇ ವಚನದಲ್ಲಿ ಪ್ರಧಾನದೂತ ಮೀಕಾಯೇಲನೂ ಅಷ್ಟೇ. ತಾನಾಗಿ ಬೈಯುವ ಧೈರ್ಯ ಮಾಡದೆ "ಕರ್ತನು ನಿನ್ನನ್ನು ಗದರಿಸಲಿ" ಅಂದು ಸುಮ್ಮನಾದ. ಯೇಸು ಮಾತ್ರ "ಕರ್ತನು ಗದರಿಸಲಿ" ಅನ್ನುವುದಿಲ್ಲ. ತಾನೇ ಗದರಿಸುತ್ತಾನೆ. "ಬಾಯಿ ಮುಚ್ಚು" ಅಂದ ಆ ಪದ ಕುಕ್ಕೆ ಹಾಕುವುದಕ್ಕೆ ಬಳಸುವ ಪದ, ಎತ್ತಿನ ಬಾಯಿಗೆ ಹಾಕುತ್ತಾರಲ್ಲ ಅದು. 4:39ರಲ್ಲಿ ಸಮುದ್ರಕ್ಕೆ ಹೇಳುವುದೂ ಅದೇ ಪದ.

ಕರಾವಳಿ ಹುಡುಗ

ಪಾಸ್ಟರ್ ಸರ್ ಹೇಳಿದ್ದಕ್ಕೆ ಎರಡು ಉದಾಹರಣೆ ಸೇರಿಸ್ತೇನೆ. ನಾವು ಕ್ಯಾಥೊಲಿಕರು, ನಮ್ಮ ಬೈಬಲಿನಲ್ಲಿ ತೋಬಿತನ ಪುಸ್ತಕ ಇದೆ, ನಿಮ್ಮದರಲ್ಲಿ ಇಲ್ಲ. ಅದರಲ್ಲಿ ಮದುವೆ ರಾತ್ರಿ ಮೀನಿನ ಗುಂಡಿಗೆ ಮತ್ತು ಪಿತ್ತಜನಕಾಂಗವನ್ನು ಕೆಂಡದ ಮೇಲೆ ಹಾಕಿ ಹೊಗೆ ಎಬ್ಬಿಸ್ತಾರೆ. ಆ ವಾಸನೆಗೆ ಅಸ್ಮೋದೇಯ ಅನ್ನುವ ದೆವ್ವ ಈಜಿಪ್ಟಿಗೆ ಓಡಿಹೋಗ್ತದೆ. (ಮೀನಿನ ವಾಸನೆಗೆ ಓಡುವ ದೆವ್ವ ನಮ್ಮೂರಲ್ಲಿ ಬದುಕುವುದು ಕಷ್ಟ.)

ಇನ್ನೊಂದು ಜೋಸೆಫಸ್ ಬರೆದದ್ದು. ಮೊದಲ ಶತಮಾನದ ಯೆಹೂದ್ಯ ಇತಿಹಾಸಕಾರ. ಎಲಿಯಾಜರ್ ಅನ್ನುವವನು ರೋಮಿನ ಚಕ್ರವರ್ತಿ ವೆಸ್ಪಾಸಿಯನ್, ಅವನ ಮಕ್ಕಳು, ಸೈನಿಕರು ಎಲ್ಲರ ಎದುರು ದೆವ್ವ ಬಿಡಿಸಿದ್ದನ್ನು ತಾನು ಕಂಡೆ ಅಂತಾನೆ. ಉಂಗುರದೊಳಗೆ ಒಂದು ಬೇರು, ಅದನ್ನು ಮೂಗಿನ ಹತ್ತಿರ ಹಿಡಿದು ದೆವ್ವವನ್ನು ಎಳೆಯುವುದು, ಸೊಲೊಮೋನ ರಾಜನ ಹೆಸರಿನ ಆಣೆ, ಸೊಲೊಮೋನ ಮಾಡಿದ ಮಂತ್ರ. ದೆವ್ವ ಹೋಯ್ತು ಅನ್ನುವುದಕ್ಕೆ ಗುರುತಾಗಿ ನೀರಿನ ಪಾತ್ರೆ ಮಗುಚಿ ಬೀಳಬೇಕು. ಎಷ್ಟು ಸಾಮಾನು ನೋಡಿ!

ಅಪೊಸ್ತಲರ ಕೃತ್ಯಗಳು 19ರಲ್ಲಿ ಎಫೆಸದಲ್ಲಿ ಸ್ಕೇವ ಅನ್ನುವ ಯೆಹೂದ್ಯ ಯಾಜಕನ ಏಳು ಮಂದಿ ಮಕ್ಕಳು ಯೇಸುವಿನ ಹೆಸರನ್ನೇ ಸಾಲ ತಗೊಂಡು ನೋಡಿದರು. "ಯೇಸುವನ್ನು ಬಲ್ಲೆ, ಪೌಲ ಗೊತ್ತು, ನೀವು ಯಾರು?" ಅಂತ ಕೇಳಿ ದೆವ್ವ ಹಿಡಿದವನು ಅವರಿಗೆ ಸರಿಯಾಗಿ ಬಾರಿಸಿದ. ಬಟ್ಟೆ ಇಲ್ಲದೆ ಓಡಿದರು. ಉಳಿದವರೆಲ್ಲ ಯಾರದೋ ಹೆಸರು ಹಿಡಿದು ಹೋಗ್ತಾರೆ. ಯೇಸುಸ್ವಾಮಿ ಯಾರ ಹೆಸರೂ ಹಿಡಿಯಲಿಲ್ಲ. ಶಿಷ್ಯರು ವಾಪಸ್ ಬಂದು "ನಿಮ್ಮ ಹೆಸರಿನಲ್ಲಿ ದೆವ್ವಗಳೂ ನಮಗೆ ತಲೆಬಾಗ್ತವೆ" ಅಂತ ಖುಷಿಪಡ್ತಾರೆ. ಅಂದರೆ ಸೊಲೊಮೋನನ ಹೆಸರು ಇದ್ದ ಜಾಗಕ್ಕೆ ಇವರ ಹೆಸರು ಬಂತು.

ಇನ್ನೊಂದು ವಿನಂತಿ. ಕನ್ನಡ ಬೈಬಲಿನ ದೆವ್ವವನ್ನು ತುಳುನಾಡಿನ ಭೂತಕ್ಕೆ ಯಾರೂ ಜೋಡಿಸಬೇಡಿ. ನಮ್ಮಲ್ಲಿ ಭೂತ ಅಂದರೆ ದೈವ. ನೆರೆಮನೆಯವರು ಕೈಮುಗಿಯುವ ದೈವ. ಗಾದೆಯ ಭೂತ ಬೇರೆ.

ಕಾಫಿ ಕುಡಿದು ಬಂದೆ

ಕ್ಷಮಿಸಿ ಕರಾವಳಿ, ಗಾದೆ ಬಾಯಿಗೆ ಬಂತು, ಹೇಳಿದೆ ಅಷ್ಟೇ.

ಹಳೇ ಸಂದೇಹಿ

ಉದಾಹರಣೆಗಳು ಚೆನ್ನಾಗಿವೆ. ಆದರೆ ನಿಮಗೆ ಬೇಕಾದ್ದನ್ನೇ ಆರಿಸಿದ್ದೀರಿ. ತ್ಯಾನದ ಅಪೊಲೋನಿಯಸ್ ಅನ್ನುವ ಗ್ರೀಕ್ ತತ್ವಜ್ಞಾನಿಯ ಕತೆ ಇದೆ. ಅಥೆನ್ಸಿನಲ್ಲಿ ಹುಡುಗನೊಬ್ಬ ಸುಮ್ಮಸುಮ್ಮನೆ ನಗುತ್ತಿರುತ್ತಾನೆ, ಅಳುತ್ತಿರುತ್ತಾನೆ. ಅಪೊಲೋನಿಯಸ್ ದಿಟ್ಟಿಸಿ ನೋಡುತ್ತಾನೆ. ತುಂಟ ಆಳನ್ನು ಯಜಮಾನ ಬೈದ ಹಾಗೆ ಬೈಯುತ್ತಾನೆ. ದೆವ್ವ ಒಂದು ಪ್ರತಿಮೆಯನ್ನು ಬೀಳಿಸಿ ಹೋಗುತ್ತದೆ. ಅಲ್ಲೂ ಬೇರು ಇಲ್ಲ, ಆಣೆ ಇಲ್ಲ. ಹಾಗಾದರೆ ಅವನೂ ದೇವರಾ?

ಇನ್ನು ಆ "ಗದರಿಸು" ಪದ. ಪಾಸ್ಟರ್, ಮಾರ್ಕ 8:32ರಲ್ಲಿ ಪೇತ್ರ ಯೇಸುವನ್ನು ಗದರಿಸುತ್ತಾನೆ, ಅದೇ ಪದ. 10:13ರಲ್ಲಿ ಮಕ್ಕಳನ್ನು ತಂದವರನ್ನು ಶಿಷ್ಯರು ಗದರಿಸುತ್ತಾರೆ, ಅದೂ ಅದೇ ಪದ. ಪದಕ್ಕೆ ಅಷ್ಟು ಭಾರ ಹೊರಿಸಿದರೆ ಪೇತ್ರನಿಗೂ ಗುಡಿ ಕಟ್ಟಬೇಕಾಗುತ್ತದೆ.

ನಿವೃತ್ತ ಸಭಾಪಾಲಕ

ಹಹ್ಹ, ಚೆನ್ನಾಗಿ ಹಿಡಿದಿರಿ. ಪದ ಒಂದರಿಂದಲೇ ಆಗುವುದಿಲ್ಲ, ಒಪ್ಪಿದೆ. ಯಾರು ಯಾರನ್ನು ಗದರಿಸುತ್ತಾರೆ ಅನ್ನುವುದು ಮುಖ್ಯ. ಪೇತ್ರ ಗದರಿಸಿದ್ದಕ್ಕೆ ಸಿಕ್ಕಿದ್ದೇನು? "ಸೈತಾನನೇ, ನನ್ನ ಹಿಂದಕ್ಕೆ ಹೋಗು" ಅಂತ ತಿರುಗಿ ಬೈಗುಳ. ಗಾಳಿಯನ್ನೂ ದೆವ್ವವನ್ನೂ ಗದರಿಸಿ ಅವು ಕೇಳುವುದು ಬೇರೆ ವಿಷಯ.

ಅಪೊಲೋನಿಯಸನ ಕತೆಯನ್ನು ಫಿಲೋಸ್ಟ್ರಾಟಸ್ ಬರೆದದ್ದು ಮೂರನೇ ಶತಮಾನದ ಆರಂಭದಲ್ಲಿ. ಅಪೊಲೋನಿಯಸ್ ಸತ್ತು ನೂರು ವರ್ಷದ ಮೇಲಾಗಿತ್ತು. ಮಾರ್ಕ ಬರೆದದ್ದು ಘಟನೆ ನಡೆದ ಸುಮಾರು ನಲವತ್ತು ವರ್ಷಕ್ಕೆ. ಇದರಿಂದ ನಿಮ್ಮ ಮಾತು ಬಿದ್ದುಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ವ್ಯತ್ಯಾಸ ನೋಡಿ. ಅಪೊಲೋನಿಯಸನ ದೆವ್ವಕ್ಕೆ ಅವನ ಭಯ ಇದೆ ಅಷ್ಟೇ. ಯೇಸುವಿನ ಎದುರಿನ ದೆವ್ವಗಳಿಗೆ ನ್ಯಾಯತೀರ್ಪಿನ ಭಯ. ಮತ್ತಾಯ 8:29 ಓದಿ: "ಕಾಲಕ್ಕೆ ಮುಂಚೆಯೇ ನಮ್ಮನ್ನು ಕಾಡಲು ಬಂದೆಯಾ?" ಕೊನೆಯ ದಿನ ದೇವರು ತಮಗೆ ತೀರ್ಪು ಕೊಡುತ್ತಾನೆ ಅಂತ ಅವಕ್ಕೆ ಗೊತ್ತು. ಆ ತೀರ್ಪು ಕೊಡುವವನು ಇಷ್ಟು ಬೇಗ ಬಂದುಬಿಟ್ಟ ಅನ್ನುವ ಗಾಬರಿ ಇದು.

ಇನ್ನೂ ಒಂದು ತಮಾಷೆ. ಮಾರ್ಕ 5:7ರಲ್ಲಿ ದೆವ್ವವೇ ಯೇಸುವಿಗೆ "ದೇವರಾಣೆ, ನನ್ನನ್ನು ಕಾಡಬೇಡ" ಅನ್ನುತ್ತದೆ. ದೆವ್ವ ಬಿಡಿಸುವವರು ದೆವ್ವಕ್ಕೆ ಇಡುವ ಆಣೆ ಇದು. ಸ್ಕೇವನ ಮಕ್ಕಳು ಬಳಸಿದ್ದೂ ಇದೇ ಪದ. ಇಲ್ಲಿ ಕತೆ ತಿರುಗುಮುರುಗಾಗಿದೆ. ದೆವ್ವಕ್ಕೆ ಮಂತ್ರ ಬೇಕು, ಯೇಸುವಿಗೆ ಬೇಡ. "ನೀನು ಯಾರು ಅಂತ ಗೊತ್ತು" ಅಂತ ಹೆಸರು ಹಿಡಿದು ಕೂಗಿದ್ದನ್ನೂ ನಾನು ಹಾಗೇ ಓದುತ್ತೇನೆ. ಹೆಸರು ಗೊತ್ತಿದ್ದರೆ ಜುಟ್ಟು ಕೈಲಿದ್ದ ಹಾಗೆ ಅನ್ನುವ ನಂಬಿಕೆ ಆಗ ಇತ್ತು. ಅದು ಭಕ್ತಿ ಅಲ್ಲ ಟೀಚರಮ್ಮ, ಪಟ್ಟು.

ನೈಟ್ ಡ್ಯೂಟಿ

ನಾನು ಮನೋರೋಗ ವಿಭಾಗದಲ್ಲಿ ನರ್ಸ್. ಸುಮ್ಮನೆ ಓದುತ್ತಿದ್ದೆ, ಆದರೆ ಒಂದು ಮಾತು ಹೇಳದೆ ಇರಲಾಗಲಿಲ್ಲ. ಕೆಲವು ವರ್ಷದ ಹಿಂದೆ ಹದಿನೆಂಟು ವರ್ಷದ ಹುಡುಗಿಯನ್ನು ನಮ್ಮ ವಾರ್ಡಿಗೆ ತಂದರು. ಫಿಟ್ಸ್ ಬರುತ್ತಿತ್ತು. ಅದಕ್ಕೆ ಮುಂಚೆ ಒಂದು ಪ್ರಾರ್ಥನಾ ಮನೆಯಲ್ಲಿ ಮೂರು ದಿನ ಉಪವಾಸ ಕೂರಿಸಿ, ಕೈಕಾಲು ಕಟ್ಟಿ "ಬಿಟ್ಟು ಹೋಗು" ಅಂತ ಕಿವಿಗೆ ಕಿರುಚಿದ್ದರು. ಮಣಿಕಟ್ಟಿನಲ್ಲಿ ಹಗ್ಗದ ಗಾಯ. ಮಾತ್ರೆ ಶುರು ಮಾಡಿದ ಮೇಲೆ ಹುಡುಗಿ ಚೆನ್ನಾಗಿದ್ದಾಳೆ. ನಾನೂ ವಿಶ್ವಾಸಿಯೇ. ಅದಕ್ಕೇ ಜಾಸ್ತಿ ಸಿಟ್ಟು ಬರುತ್ತದೆ.

ಆವತ್ತು ಮನೆಗೆ ಹೋಗಿ ಮಾರ್ಕ 5 ಓದಿದೆ. ಸಮಾಧಿಗಳ ನಡುವೆ ಇದ್ದ ಆ ಮನುಷ್ಯನಿಗೆ ಸಂಕೋಲೆ ಹಾಕಿದವರು ಯಾರು? ಊರಿನವರು. ಯೇಸು ಅವನನ್ನು ಕಟ್ಟಲಿಲ್ಲ, ಹೊಡೆಯಲಿಲ್ಲ. ಕೊನೆಗೆ ಅವನು ಬಟ್ಟೆ ಉಟ್ಟು, ಸ್ವಸ್ಥ ಬುದ್ಧಿಯಿಂದ ಕೂತಿದ್ದಾನೆ. ಆ "ಕೂತಿದ್ದಾನೆ" ಅನ್ನುವ ಮಾತು ನಮ್ಮ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಅರ್ಥ ಆಗುತ್ತದೆ. ಮತ್ತಾಯ 4:24ರಲ್ಲಿ ದೆವ್ವ ಹಿಡಿದವರು, ಮೂರ್ಛೆರೋಗದವರು, ಪಾರ್ಶ್ವವಾಯು ಆದವರು ಅಂತ ಬೇರೆ ಬೇರೆಯಾಗಿಯೇ ಹೇಳಿದೆ. ಆದರೆ 17ನೇ ಅಧ್ಯಾಯದಲ್ಲಿ ಬೆಂಕಿಗೂ ನೀರಿಗೂ ಬೀಳುವ ಹುಡುಗನ ವಿವರ ಓದಿದರೆ ನನಗೆ ಕಾಣುವುದು ಫಿಟ್ಸೇ. ಅದನ್ನು ಹೇಗೆ ತಗೊಳ್ಳಬೇಕೋ ಪಾಸ್ಟರುಗಳು ಹೇಳಲಿ. ಫಿಟ್ಸ್ ಬಂದವರನ್ನು ಮಾತ್ರ ಮೊದಲು ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಬಿಡಿಸುವ ನೆಪದಲ್ಲಿ ಹೊಡೆಯುವುದು ನಮ್ಮ ರಾಜ್ಯದಲ್ಲಿ 2017ರ ಕಾಯ್ದೆಯ ಪ್ರಕಾರ ಅಪರಾಧ.

ಕರಾವಳಿ ಹುಡುಗ

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲಿ ಬಿಷಪರ ವಿಶೇಷ ಅನುಮತಿ ಇಲ್ಲದೆ ಯಾವ ಫಾದರೂ ದೆವ್ವ ಬಿಡಿಸುವ ವಿಧಿ ಮಾಡುವ ಹಾಗಿಲ್ಲ. ಅದು ಕ್ಯಾನನ್ ಕಾನೂನು, ಅಂದರೆ ನಮ್ಮ ಚರ್ಚಿನ ಕಾನೂನು. ವ್ಯಾಟಿಕನ್ 1999ರಲ್ಲಿ ಹೊರಡಿಸಿದ ಹೊಸ ವಿಧಿಯಲ್ಲೂ ಮಾನಸಿಕ ಕಾಯಿಲೆಯನ್ನು ದೆವ್ವ ಅಂದುಕೊಳ್ಳಬೇಡಿ ಅಂತ ಎಚ್ಚರಿಕೆ ಇದೆ.

ನಿರ್ವಾಹಕ

ಒಳ್ಳೆ ಚರ್ಚೆ. "ನಮ್ಮ ಪ್ರಾರ್ಥನೆಗೆ ಬನ್ನಿ, ಗ್ಯಾರಂಟಿ ಬಿಡುಗಡೆ" ಅಂತ ಫೋನ್ ನಂಬರ್ ಹಾಕಿದ್ದ ಎರಡು ಕಾಮೆಂಟ್ ತೆಗೆದಿದ್ದೇನೆ.

ಗಲ್ಫ್ ಕನ್ನಡಿಗ

ಮಾರ್ಕ 5ರ ಜಾಗದ ಬಗ್ಗೆ ಹೇಳುತ್ತೇನೆ. ಆ ದೆವ್ವಗಳು ಹಂದಿಗಳೊಳಗೆ ಹೊಕ್ಕು, ಹಂದಿಗಳು ಸಮುದ್ರಕ್ಕೆ ಓಡಿ ಬಿದ್ದದ್ದು ಗೆರಸದವರ ಸೀಮೆಯಲ್ಲಿ ಅಂತ ಅಲ್ಲಿದೆ. ಕೆಲಸದ ಮೇಲೆ ಜೋರ್ಡಾನಿಗೆ ಹೋದಾಗ ಜೆರಾಶ್ ನೋಡಿದ್ದೆ, ಅದೇ ಹಳೆಯ ಗೆರಸ. ಕಂಬಗಳ ಸಾಲು ನೋಡಿದರೆ ಬಾಯಿಬಿಡಬೇಕು. ಆದರೆ ಗಲಿಲಾಯ ಸಮುದ್ರ ಅಲ್ಲಿಂದ 50 ಕಿಲೋಮೀಟರಿಗೂ ದೂರ. ಹಂದಿಗಳು ಅಷ್ಟು ದೂರ ಓಡಿದವಾ ಅಂತ ನಮ್ಮ ಡ್ರೈವರ್ ನಗುತ್ತಿದ್ದ. ಉಮ್ ಕೈಸ್, ಅಂದರೆ ಹಳೆಯ ಗದರ, ಹತ್ತಿರ. ಅಲ್ಲಿಂದ ಸಮುದ್ರ ಕಾಣುತ್ತದೆ, ಆದರೂ ಸುಮಾರು 10 ಕಿಲೋಮೀಟರ್. ಮತ್ತಾಯನಲ್ಲಿ ಗದರದವರ ಸೀಮೆ ಅಂತ ಇರುವುದು. ಮೂರನೇ ಶತಮಾನದ ಕ್ರೈಸ್ತ ಪಂಡಿತ ಓರಿಗೆನನಿಗೂ ಇದು ತಲೆಬಿಸಿಯಾಗಿ ದಡದಲ್ಲೇ ಇರುವ ಗೆರ್ಗೆಸ ಸರಿ ಅಂದ. ಸಮುದ್ರದ ಪೂರ್ವ ದಡದ ಕುರ್ಸಿಯಲ್ಲಿ 1970ರಲ್ಲಿ ರಸ್ತೆ ಮಾಡುವಾಗ ಬೈಜಾಂಟೈನ್ ಕಾಲದ ದೊಡ್ಡ ಮಠ ಸಿಕ್ಕಿತು. ಹಿಂದೆ ಕಡಿದಾದ ಗುಡ್ಡ ಇದೆ. ಹಳೆಯ ಕಾಲದ ಯಾತ್ರಿಕರು ಇದೇ ಜಾಗ ಅಂತ ನಂಬಿದ್ದರು.

ಇನ್ನು ಆ ದೆವ್ವ ಹೇಳುವ "ನನ್ನ ಹೆಸರು ದಂಡು" ಅನ್ನುವ ಮಾತು. ಗ್ರೀಕಿನಲ್ಲಿ ಇರುವುದು ಲೆಗಿಯೋನ್, ರೋಮಿನ ಸೈನ್ಯದ ತುಕಡಿ, ಸುಮಾರು ಐದು ಸಾವಿರ ಸೈನಿಕರು. ನಾನು ಬೆಂಗಳೂರು ದಂಡಿನಲ್ಲಿ ಬೆಳೆದವನು. ಪರದೇಶದ ಸೈನ್ಯ ಬಂದು ಬಿಡಾರ ಹೂಡಿದ ಜಾಗಕ್ಕೆ ದಂಡು ಅಂತ ಹೆಸರು ಉಳಿದ ಊರು ನಮ್ಮದು. ಹಾಗಾಗಿ ಕನ್ನಡದಲ್ಲಿ ಓದಿದಾಗ ನನಗೆ ಆ ಮಾತು ಚುರ್ ಅನ್ನಿಸುತ್ತದೆ. ಆಗ ಪಲೆಸ್ತೀನಿನ ಜನಕ್ಕೂ ಅನ್ನಿಸಿರಬೇಕು. ರೋಮಿನ ಹತ್ತನೇ ದಂಡಿನ ಲಾಂಛನಗಳಲ್ಲಿ ಕಾಡುಹಂದಿಯೂ ಒಂದು ಗೊತ್ತಾ?

ಹಳೇ ಸಂದೇಹಿ

ಕಾಡುಹಂದಿ ವಿಷಯ ಚೆನ್ನಾಗಿದೆ. ಹಾಗೆ ಓದಿದರೆ ಇದು ರೋಮಿನ ವಿರುದ್ಧದ ರಾಜಕೀಯ ಕತೆ ಆಗುತ್ತದೆ. ಯೇಸುವಿನ ದೈವತ್ವ ಇಲ್ಲಿ ಎಲ್ಲಿ ಬಂತು?

ಸಂಡೆಸ್ಕೂಲ್ ಟೀಚರ್

ಸರ್, ನನಗೆ ಕಂಡಿದ್ದು ಹೇಳಲಾ? ಪಾಸ್ಟರ್ ಹೇಳಿದ ಮೇಲೆ ದೆವ್ವದ ಮಾತು ಬಿಟ್ಟು ಬೇರೆಯವರ ಮಾತು ನೋಡುತ್ತಾ ಬಂದೆ. ಇದೇ ಕತೆ ಲೂಕನಲ್ಲೂ ಇದೆ, 8:39. ವಾಸಿಯಾದವನು ನಾನೂ ಜೊತೆಗೆ ಬರುತ್ತೇನೆ ಅನ್ನುತ್ತಾನೆ. ಯೇಸು ಬೇಡ ಅಂದು ಹೇಳುವುದೇನು? ಮನೆಗೆ ಹೋಗು, ದೇವರು ನಿನಗೆ ಏನೇನು ಮಾಡಿದನೋ ಅದನ್ನು ಹೇಳು. ಅವನು ಹೋಗಿ ಊರೆಲ್ಲಾ ಸಾರುವುದೇನು? ಯೇಸು ತನಗೆ ಏನೇನು ಮಾಡಿದನೋ ಅದನ್ನು. ಎರಡೂ ಒಂದೇ ವಚನದಲ್ಲಿ ಪಕ್ಕಪಕ್ಕದಲ್ಲಿವೆ. ಲೂಕ ಏನೂ ವಿವರಿಸುವುದಿಲ್ಲ, ಇಟ್ಟು ಸುಮ್ಮನಾಗುತ್ತಾನೆ. ಮಾರ್ಕನಲ್ಲೂ ಹಾಗೇ, ಅಲ್ಲಿ "ಕರ್ತನು" ಅಂತ ಇದೆ.

ದೆವ್ವ ಬಿರುದು ಕೂಗಿದಾಗ ಬಾಯಿ ಮುಚ್ಚಿಸಿದ ಯೇಸು, ಈ ಮನುಷ್ಯನಿಗೆ ಮಾತ್ರ ಹೋಗಿ ಹೇಳು ಅಂತಾನೆ. ಇಬ್ಬರೂ ಆತನ ವಿಷಯವೇ ಮಾತಾಡುವವರು. ದೆವ್ವಕ್ಕೆ ಮಾಹಿತಿ ಗೊತ್ತು. ಇವನಿಗೆ ತನಗಾದ ಉಪಕಾರ ಗೊತ್ತು. ಯಾಕೋಬನ ಪತ್ರದಲ್ಲಿ ಇದೆಯಲ್ಲ, ದೇವರು ಒಬ್ಬನೇ ಅಂತ ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ.

ಹಳೇ ಸಂದೇಹಿ

ಆ ವಚನ ನಾನು ಹಾಗೆ ಗಮನಿಸಿರಲಿಲ್ಲ, ನಿಜ. ಆದರೂ ದೇವರು ಇವನ ಮೂಲಕ ಮಾಡಿದ ಅಂತ ಓದಬಹುದು. ಲೂಕ 11:20ರಲ್ಲಿ ಯೇಸುವೇ "ನಾನು ದೇವರ ಬೆರಳಿನಿಂದ ದೆವ್ವಗಳನ್ನು ಬಿಡಿಸುತ್ತಿದ್ದರೆ" ಅನ್ನುತ್ತಾನೆ. ತನ್ನ ಬೆರಳಿನಿಂದ ಅನ್ನಲಿಲ್ಲ. ಮತ್ತಾಯನಲ್ಲಿ ದೇವರ ಆತ್ಮದಿಂದ ಅಂತ ಇದೆ. ಅದು ಪ್ರವಾದಿಯ ಮಾತು.

ನಿವೃತ್ತ ಸಭಾಪಾಲಕ

ಒಳ್ಳೆ ಪ್ರಶ್ನೆ. ಆ "ದೇವರ ಬೆರಳು" ಬರುವುದು ವಿಮೋಚನಕಾಂಡ 8:19ರಿಂದ. ಮೋಶೆಯ ಎದುರು ಈಜಿಪ್ಟಿನ ಮಂತ್ರಗಾರರು ಸೋತು ತಮ್ಮ ರಾಜ ಫರೋಹನಿಗೆ ಹೇಳುವ ಮಾತು. ಮೋಶೆಯೂ ದೇವರಲ್ಲ, ಆದ್ದರಿಂದ ನಿಮ್ಮ ಓದಿಗೆ ಜಾಗ ಇದೆ. ನಾನು ಅದನ್ನು ಅಲ್ಲಿಗೇ ನಿಲ್ಲಿಸುವುದಿಲ್ಲ, ಮುಂದಿನ ಎರಡು ವಚನ ಓದುತ್ತೇನೆ. ಬಲಿಷ್ಠನೊಬ್ಬ ತನ್ನ ಮನೆ ಕಾಯುತ್ತಿರುತ್ತಾನೆ. ಅವನಿಗಿಂತ ಬಲಿಷ್ಠನು ಬಂದು ಗೆದ್ದು ಕೊಳ್ಳೆ ಹೊಡೆಯುತ್ತಾನೆ. ಯೆಶಾಯ 49ರಲ್ಲಿ ಬಲಿಷ್ಠನ ಕೈಯಿಂದ ಕೊಳ್ಳೆಯನ್ನು ಕಿತ್ತುಕೊಳ್ಳುವುದು ಯಾರು? ಅಲ್ಲಿ ದೇವರೇ "ನಿನ್ನೊಡನೆ ಹೋರಾಡುವವನ ಸಂಗಡ ನಾನೇ ಹೋರಾಡುವೆನು" ಅನ್ನುತ್ತಾನೆ. ಆ ಕೆಲಸವನ್ನು ಯೇಸು ಇಲ್ಲಿ ತನ್ನದು ಅನ್ನುತ್ತಿದ್ದಾನೆ. ತಂದೆಯ ಬೆರಳು, ಮಗನ ಕೆಲಸ. ನಮಗೆ ಇದರಲ್ಲಿ ಜಗಳ ಕಾಣುವುದಿಲ್ಲ. ನಿಮಗೆ ಕಂಡರೆ ತಪ್ಪೂ ಇಲ್ಲ.

ಕರಾವಳಿ ಹುಡುಗ

ಒಂದು ಡೌಟು ಪಾಸ್ಟರ್ ಸರ್. ಯೇಸುಸ್ವಾಮಿ ದೇವರು ಅಂತ ಎಲ್ಲಕ್ಕಿಂತ ನೇರವಾಗಿ ಹೇಳುವುದು ಯೊವಾನ್ನರ ಶುಭಸಂದೇಶ. ಅದರಲ್ಲಿ ದೆವ್ವ ಬಿಡಿಸಿದ ಒಂದು ಕತೆಯೂ ಇಲ್ಲವಲ್ಲ?

ನಿವೃತ್ತ ಸಭಾಪಾಲಕ

ಒಂದು ಇದೆ, ಒಂದೇ ಒಂದು. ಯೋಹಾನ 12:31. "ಈಗ ಈ ಲೋಕದ ಅಧಿಪತಿ ಹೊರಗೆ ಹಾಕಲ್ಪಡುವನು." ಮಾರ್ಕ ದೆವ್ವ ಬಿಡಿಸುವುದಕ್ಕೆ ಬಳಸುವ ಕ್ರಿಯಾಪದವೇ ಅಲ್ಲಿ ಇದೆ. ಮುಂದಿನ ಮಾತೇ ತಾನು ಮೇಲಕ್ಕೆ ಎತ್ತಲ್ಪಡುವ ವಿಷಯ, ಅಂದರೆ ಶಿಲುಬೆ. ಮಾರ್ಕನ ಶತಾಧಿಪತಿ ಬಾಯಿ ಬಿಟ್ಟದ್ದೂ ಅಲ್ಲೇ. ಟೀಚರಮ್ಮ, ಆ ಹುಡುಗಿಗೆ ಹೇಳಿ: ಪೇತ್ರ ನಿಧಾನ ಅಲ್ಲ, ಶಿಲುಬೆ ನೋಡದೆ ಯಾರಿಗೂ ಅದು ಪೂರ್ತಿ ಗೊತ್ತಾಗುವ ಹಾಗಿರಲಿಲ್ಲ.

ಸಂಡೆಸ್ಕೂಲ್ ಟೀಚರ್

ಇವತ್ತು ಕ್ಲಾಸ್ ಮುಗಿಸಿ ಬಂದೆ. ಸೊಲೊಮೋನನ ಉಂಗುರ, ಮೀನಿನ ಹೊಗೆ, ಸ್ಕೇವನ ಮಕ್ಕಳು ಓಡಿದ್ದು ಎಲ್ಲಾ ಹೇಳಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಯೇಸು ಏನೂ ಇಲ್ಲದೆ ಬರೀ "ಹೋಗು" ಅಂದಿದ್ದು ಹೇಳಿದೆ. ಒಂದು ಕ್ಷಣ ಗಪ್‌ಚುಪ್. ಲೂಕ 8:39ನ್ನು ಅವರ ಕೈಲೇ ಓದಿಸಿದೆ. ವ್ಯತ್ಯಾಸ ಹುಡುಕಿ ಅಂದೆ. ಹಿಂದಿನ ಬೆಂಚಿನ ಹುಡುಗ ಮೊದಲು ಹಿಡಿದ.

ನಮ್ಮ ಹುಡುಗಿ ಎಲ್ಲಾ ಕೇಳಿಸಿಕೊಂಡಳು. ತಲೆಯಾಡಿಸಿದಳು. ಆಮೇಲೆ ಕೈ ಎತ್ತಿದಳು.

"ಮಿಸ್, ಎರಡು ಸಾವಿರ ಹಂದಿ ಹೋಯ್ತಲ್ಲ, ಅದರ ಯಜಮಾನನಿಗೆ ದುಡ್ಡು ಯಾರು ಕೊಟ್ಟರು?"

ಹಳೇ ಸಂದೇಹಿ

ಆ ಹುಡುಗಿಯನ್ನು ಇಲ್ಲಿಗೆ ಸೇರಿಸಿ ಟೀಚರ್.